ಮೌನಿಯನ್ನು ಎಬ್ಬಿಸಿದವನು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶಿವಮೊಗ್ಗದ ಸೈಬರ್ ಠಾಣೆಗೆ ಭದ್ರಾವತಿಯಿಂದ ಅಪ್ಪ ಮಗಳು ಇಬ್ಬರು ಬಂದರು. ಬಂದದ್ದು ಒಂದೇ ಬಸ್ಸಿನಲ್ಲಾದರೂ ತಂದ ದೂರು ಬೇರೆ ಬೇರೆ. ಯಾರೋ ತನ್ನ ಫೋಟೋವನ್ನು ತಿರುಚಿ, ಅಶ್ಲೀಲವಾಗಿ ಮಾಡಿ ಹರಿಬಿಟ್ಟಿದ್ದಾರೆ ಎಂಬುದು ಮಗಳ ದೂರು. ಅಪ್ಪನ ದೂರು ಮಗಳ ಮೇಲೆಯೇ.

"ಇವಳಿಗೆ ನೀವೇ ಬುದ್ಧಿ ಹೇಳ್ಬೇಕು ಸಾರ್," ಎಂದರು ಅಪ್ಪ ಬಂಗಾರಪ್ಪ. ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದ ಮನುಷ್ಯ, ಮಾತಾಡಿದರೆ ಇಡೀ ಠಾಣೆಗೆ ಕೇಳಿಸುತ್ತಿತ್ತು. "ಡಿಗ್ರಿ ಮುಗ್ಸಿದ ಹುಡ್ಗಿ ಗಂಡು ಹುಡುಗ್ರ ಜೊತೆ ಗೇಮ್ ಆಡ್ತಾ ಕೂತ್ರೆ ಇನ್ನೇನಾಗುತ್ತೆ? ಆಡೋದು ಬಿಟ್ರೆ ಬೈಯೋರೂ ಬಿಡ್ತಾರೆ. ಅಷ್ಟೇ ಅಲ್ವಾ?"

ಇನ್‌ಸ್ಪೆಕ್ಟರ್ ಏಕಾಂತಪ್ಪ ಒಳಗೊಳಗೇ ಅಪ್ಪನ ಪಕ್ಷ. ಟ್ರಾಫಿಕ್‌ನಿಂದ ಸೈಬರ್ ಠಾಣೆಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಸಿಗ್ನಲ್ ಹಾರಿದವನನ್ನು ಕಣ್ಣಾರೆ ನೋಡಿ ಹಿಡಿಯುತ್ತಿದ್ದವರಿಗೆ ಇಲ್ಲಿ ಕಾಣದವರನ್ನು ಹುಡುಕುವ ಕೆಲಸ. ಇದ್ಯಾವುದಪ್ಪಾ ಹೊಸ ಕರ್ಮ ಎಂದುಕೊಂಡೇ ದಿನ ತಳ್ಳುತ್ತಿದ್ದರು. ಆದರೂ ದೂರು ದೂರೇ. ಹುಡುಗಿಯ ಕಡೆ ತಿರುಗಿದರು.

"ಹೆಸರು?"

"ಹೇಮಶ್ರೀ."

"ಏನು ಗೇಮಮ್ಮ ಅದು?"

"ರಣದ್ವೀಪ ಅಂತ ಸರ್. ನಾಲ್ಕು ಜನಕ್ಕೊಂದು ಟೀಮು. ವಿಮಾನದಿಂದ ಒಂದು ದ್ವೀಪಕ್ಕೆ ಹಾರ್ತೀವಿ. ಕೊನೇವರೆಗೂ ಉಳಿದೋರು ಗೆದ್ದಂಗೆ."

"ನೀನೇನ್ಮಾಡ್ತೀಯ ಅದ್ರಲ್ಲಿ?"

"ದೂರದಿಂದ ಗುಂಡು ಹೊಡೀತೀನಿ ಸರ್. ಸ್ನೈಪರ್."

ಏಕಾಂತಪ್ಪ ಅವಳ ಕೈ ನೋಡಿದರು. ಬಳೆಯಿಲ್ಲದ ಸಣ್ಣ ಕೈ. ಪಕ್ಕದಲ್ಲಿ ಕೂತಿದ್ದ ಕಾನ್‌ಸ್ಟೆಬಲ್ ಮಾನಸ ಮಾತ್ರ ನೆಟ್ಟಗಾದಳು. ಕಂಪ್ಯೂಟರ್ ಓದಿ ಪೊಲೀಸ್ ಆದವಳು, ಈ ಲೋಕ ಅವಳಿಗೆ ಸ್ವಲ್ಪ ಗೊತ್ತಿತ್ತು.

"ಗೇಮಲ್ಲಿ ನಿನ್ನ ಹೆಸರೇನು?" ಎಂದು ಕೇಳಿದಳು.

"ಮೌನಿ."

"ಮಾರಾಯ್ತಿ, ನೀನಾ ಮೌನಿ?" ಎಂದ ಮಾನಸ, ಸಾಹೇಬರು ಇದ್ದಾರೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಹೇಮಶ್ರೀ ಎರಡು ವರ್ಷ ಆ ಹೆಸರಿನಲ್ಲಿ ಆಡಿದ್ದಳು, ಒಂದು ದಿನವೂ ಮೈಕ್ ಹಾಕಿರಲಿಲ್ಲ. ಏನಿದ್ದರೂ ಟೈಪ್ ಮಾಡಿ ಹೇಳುವುದು. ಹುಡುಗಿ ಎಂದು ಗೊತ್ತಾದ ದಿನ ಆಟ ಮುಗಿಯಿತು ಎಂಬುದನ್ನು ಬೇರೆ ಹುಡುಗಿಯರ ಪಾಡು ನೋಡಿ ತಿಳಿದಿದ್ದಳು. ಟೀಮಿನ ಉಳಿದ ಮೂವರೂ, ಅವರನ್ನು ಹಿಂಬಾಲಿಸುವ ನೂರಾರು ಹುಡುಗರೂ ಮೌನಿಯನ್ನು ಗಂಡಸೆಂದೇ ನಂಬಿದ್ದರು. 'ಮೌನಿ ಅಣ್ಣ', 'ಗುರುವೇ' ಎಂದು ಕರೆಯುತ್ತಿದ್ದರು. ಅವನಂತೆ ಹೊಡೆಯುವವರು ಜಿಲ್ಲೆಯಲ್ಲೇ ಇಲ್ಲ ಎಂಬ ಮಾತಿತ್ತು.

ಹಿಂದಿನ ವಾರ ಜಿಲ್ಲಾ ಮಟ್ಟದ ಸೆಮಿಫೈನಲ್. ಆನ್‌ಲೈನಿನಲ್ಲಿ ನೇರ ಪ್ರಸಾರ. ತಮ್ಮ ಕ್ಯಾಪ್ಟನ್ನಿನ ಬೆನ್ನ ಹಿಂದೆ ಶತ್ರು ಬಂದದ್ದನ್ನು ಹೇಮಶ್ರೀ ನೋಡಿದಳು. ಟೈಪ್ ಮಾಡುವಷ್ಟು ಹೊತ್ತಿರಲಿಲ್ಲ. ಮೈಕ್ ಒತ್ತಿ, "ಹಿಂದೆ ನೋಡು!" ಎಂದು ಕೂಗಿದಳು. ಕ್ಯಾಪ್ಟನ್ ಬದುಕಿದ, ಟೀಮು ಫೈನಲ್ ತಲುಪಿತು. ಆದರೆ ಹೆಣ್ಣು ದನಿಯನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಗುರು ಎಂದವರೇ ಪಾತ್ರೆ ತೊಳಿಯೋಕೆ ಹೋಗು ಎಂದರು, ಅಣ್ಣ ಎಂದವರು ರೇಟ್ ಕೇಳಿದರು.

ಅವರಲ್ಲೆಲ್ಲ ಒಬ್ಬ ಬಿಡಲೇ ಇಲ್ಲ. 'ಯಮಪಾಶ' ಎಂಬ ಖಾತೆ. ಫೈನಲ್ ಆಟಗಾರರ ಪಟ್ಟಿಯಲ್ಲಿ ಆಯೋಜಕರು ಹಾಕಿದ್ದ ಅವಳ ಫೋಟೋ ತೆಗೆದು ತಿರುಚಿದವನು ಅವನೇ, ಮನೆ ಇರುವ ಬೀದಿಯ ಹೆಸರು ಹಾಕಿದವನೂ ಅವನೇ. ಭಾನುವಾರ ಶಿವಮೊಗ್ಗದಲ್ಲಿ ಫೈನಲ್, ಆಟಗಾರರೆಲ್ಲ ಸಭಾಂಗಣಕ್ಕೆ ಖುದ್ದಾಗಿ ಬರಬೇಕು. ನೀನು ಬಂದರೆ ಆ ಫೋಟೋವನ್ನು ದೊಡ್ಡ ಪರದೆಯ ಮೇಲೆ ಹಾಕುತ್ತೇನೆ ಎಂದು ಬರೆದಿದ್ದ.

"ಶನಿವಾರದೊಳಗೆ ಅವ್ನು ಸಿಕ್ರೆ ಸರಿ," ಎಂದರು ಬಂಗಾರಪ್ಪ. "ಇಲ್ಲಾಂದ್ರೆ ಇವ್ಳು ಹೋಗಲ್ಲ. ಗೇಮೂ ಇಲ್ಲ, ಫೋನೂ ಇಲ್ಲ. ಹೇಳ್ಬಿಟ್ಟಿದೀನಿ."

ಹೇಮಶ್ರೀ ಅಳಲಿಲ್ಲ. "ಎರಡು ವರ್ಷ ಸರ್," ಎಂದಳು ಅಷ್ಟೇ.

ಭಾರತೀಯ ನ್ಯಾಯ ಸಂಹಿತೆಯ ಕಲಂ 78, 79, 351 ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67ಎ ಅಡಿ ಎಫ್‌ಐಆರ್ ದಾಖಲಾಯಿತು. ಟೀಮಿನವರ ಬಗ್ಗೆ ಏಕಾಂತಪ್ಪ ಕೇಳಿದರು. ಶಂಕರಘಟ್ಟದಲ್ಲಿ ಎಂಎಸ್ಸಿ ಓದುವ ಸುದರ್ಶನ, ಶಿವಮೊಗ್ಗದ ನಿರಂಜನ, ಮತ್ತು ಭದ್ರಾವತಿಯವನೇ ಆದ ಕ್ಯಾಪ್ಟನ್ ವಿಜಯೇಂದ್ರ. ಯಾರನ್ನೂ ಅವಳು ಮುಖತಃ ನೋಡಿರಲಿಲ್ಲ. ಯಾರ ಮೇಲೂ ಅನುಮಾನವಿಲ್ಲ ಎಂದಳು. ಕ್ಯಾಪ್ಟನ್ ಅಂತೂ ದಿನಾ ಮೆಸೇಜ್ ಮಾಡಿ, ಸದ್ಯಕ್ಕೆ ಆಟ ಬಿಟ್ಟುಬಿಡು, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎನ್ನುತ್ತಿದ್ದಾನಂತೆ.

ಗೇಮ್ ಕಂಪನಿಗೆ ನೋಟಿಸು ಹೋಯಿತು. ಬುಧವಾರ ಉತ್ತರ ಬಂತು. ಯಮಪಾಶ ಇಂಟರ್‌ನೆಟ್‌ಗೆ ಬರುತ್ತಿದ್ದದ್ದು ಭದ್ರಾವತಿಯ ಜನ್ನಾಪುರದ ಒಂದು ಜ್ಯೂಸ್ ಅಂಗಡಿಯ ವೈಫೈನಿಂದ. ಏಕಾಂತಪ್ಪ, ಮಾನಸ ಇಬ್ಬರೂ ಮಫ್ತಿಯಲ್ಲಿ ಹೋದರು. ಹೋಗಿ ನೋಡಿದರೆ ವೈಫೈ ಪಾಸ್‌ವರ್ಡನ್ನು ಗೋಡೆಯ ಮೇಲೆ, ಬೆಲೆಪಟ್ಟಿಯ ಪಕ್ಕದಲ್ಲೇ ಬಣ್ಣದಲ್ಲಿ ಬರೆದಿದ್ದರು.

"ಯಾರ್ ಯಾರು ಅಂತ ಹೇಳ್ಲಿ ಸಾರ್?" ಎಂದರು ಅಂಗಡಿಯ ಒಡತಿ ವೀರಮ್ಮ. "ಒಂದು ಮೂಸಂಬಿ ಜ್ಯೂಸ್ ತಗೊಂಡು ಸಂಜೆವರೆಗೂ ಕೂರೋ ಹುಡುಗ್ರಿದಾರೆ. ಎದುರಿನ ಅಂಗಡಿಯವ್ರೂ ಈ ವೈಫೈನೇ ಹಚ್ಕೊಂಡಿರ್ತಾರೆ. ನಾನು ಬೇಡ ಅನ್ನಲ್ಲ."

ಬೀದಿಗೆ ಬೀದಿಯೇ ಅನುಮಾನಿತರು. ಏಕಾಂತಪ್ಪ ಮಾನಸಳಿಗೊಂದು, ತಮಗೊಂದು ಗ್ಲಾಸ್ ಜ್ಯೂಸ್ ತರಿಸಿ, ಕುಡಿದು ವಾಪಸಾದರು.

ಗುರುವಾರ ಮಧ್ಯಾಹ್ನ ಹೇಮಶ್ರೀಯನ್ನು ಮತ್ತೆ ಕರೆಸಿದರು. ಬಂಗಾರಪ್ಪ ಜೊತೆಗೆ ಬಂದರೂ ಒಳಗೆ ಬರಲೊಲ್ಲದೆ ಹೊರಗಿನ ಬೆಂಚಿನ ಮೇಲೆ ಕೂತರು. ಅವಳು ತನ್ನ ಪ್ರತಿ ಪಂದ್ಯವನ್ನೂ ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು, ತನ್ನ ತಪ್ಪು ತಾನೇ ನೋಡಿಕೊಳ್ಳಲು. ಅದನ್ನು ಠಾಣೆಯ ಕಂಪ್ಯೂಟರಿಗೆ ಹಾಕಿದರು.

"ಮೊದ್ಲು ನೀನು ಮಾಮೂಲಿ ಹೆಂಗೆ ಆಡ್ತೀಯ ತೋರ್ಸು. ಈ ಆಟ ಅಂದ್ರೇನು ಅಂತಾನಾದ್ರೂ ನಂಗೆ ತಿಳೀಲಿ," ಎಂದರು ಏಕಾಂತಪ್ಪ.

ಪರದೆಯ ಮೇಲೆ ಬೆಟ್ಟ, ಹೊಳೆ, ಪಾಳು ಬಿದ್ದ ಊರು. ಮೌನಿ ಹುಲ್ಲಿನಲ್ಲಿ ಮಲಗಿದ್ದಾನೆ. ಹೊಳೆಯಾಚೆ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಒಬ್ಬ ಓಡುತ್ತಿದ್ದಾನೆ. ಮೌನಿಯ ಬಂದೂಕು ಅವನ ಕಡೆ ತಿರುಗಲೇ ಇಲ್ಲ. ಅವನಿಗಿಂತ ಮುಂದೆ, ಯಾರೂ ಇಲ್ಲದ ಬಯಲಿನತ್ತ ತಿರುಗಿ, ಒಂದಿಷ್ಟು ಮೇಲಕ್ಕೆದ್ದು ನಿಂತಿತು. ಗುಂಡು ಹಾರಿತು. ಓಡುವವನು ತಾನಾಗಿಯೇ ಆ ಗುಂಡಿನೊಳಕ್ಕೆ ಓಡಿಹೋಗಿ ಬಿದ್ದ.

ಏಕಾಂತಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ತರಬೇತಿ ಶಾಲೆಯಲ್ಲಿ ಗುರಿ ಹೊಡೆಯುವುದರಲ್ಲಿ ಪದಕ ಗೆದ್ದ ಮನುಷ್ಯ ಅವರು. ಓಡುವ ಗುರಿಗೆ ಎಷ್ಟು ಮುಂದೆ ಹೊಡೆಯಬೇಕು, ದೂರ ಹೋದ ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಕಲಿಯಲು ಅವರಿಗೆ ವರ್ಷಗಳೇ ಬೇಕಾಗಿದ್ದವು. ಕಲಿತದ್ದೂ ಪೂರ್ತಿ ಕೈಗೆ ಬಂದಿರಲಿಲ್ಲ.

"ಇನ್ನೊಂದ್ಸಲ ಹಾಕು," ಎಂದರು.

ಮತ್ತೆ ನೋಡಿದರು. ಮತ್ತೊಂದು ಪಂದ್ಯ ನೋಡಿದರು. ಗೋಡೆಯಾಚೆಯ ಹೆಜ್ಜೆ ಸದ್ದು ಕೇಳಿಯೇ ಬರುವವರು ಇಬ್ಬರು, ಒಬ್ಬ ಮಾತ್ರ ಮೆಟ್ಟಿಲು ಹತ್ತುತ್ತಾನೆ ಎಂದು ಲೆಕ್ಕ ಹಾಕಿ ಕಾಯುವ ಹುಡುಗಿ ಅವಳು. ತಂದಿಟ್ಟ ಚಹಾ ಕೆನೆಗಟ್ಟಿತು. ಈ ಆಟ ಆಡುವುದು ಬಿಡು ಎಂದು ಹೇಳಲು ಸೋಮವಾರ ತಮ್ಮ ನಾಲಿಗೆ ತುದಿಗೆ ಬಂದದ್ದು ನೆನಪಾಗಿ ಏಕಾಂತಪ್ಪನವರಿಗೆ ಹೆದರಿಕೆಯೇ ಆಯಿತು. ಇಂಥದ್ದೊಂದು ವಿದ್ಯೆ ಭದ್ರಾವತಿಯ ಬಸ್ಸು ಹತ್ತಿ ಬಂದು ತಮ್ಮೆದುರು ತಲೆ ತಗ್ಗಿಸಿ ಕೂತಿತ್ತಲ್ಲ!

"ಈಗ ಆ ಯಮಪಾಶ ಬಂದ ಆಟ ಹಾಕಮ್ಮ," ಎಂದರು. ದನಿ ಮೆತ್ತಗಾಗಿತ್ತು.

ಗಲಾಟೆ ಶುರುವಾದ ಮೇಲೆ ಹೇಮಶ್ರೀ ಟೀಮು ಬಿಟ್ಟು ಗುರುತಿಲ್ಲದವರ ಜೊತೆ ಒಂದು ಪಂದ್ಯ ಆಡಿದ್ದಳು. ಆ ಟೀಮಿನ ಖಾಲಿ ಜಾಗಕ್ಕೆ ಯಾರು ಬೇಕಾದರೂ ಸೇರಬಹುದಿತ್ತು, ಯಮಪಾಶ ಅಲ್ಲೂ ನುಗ್ಗಿದ್ದ. ಅವತ್ತು ಕಣ್ಣು ಮಂಜಾಗಿ ಆಡಿದ್ದಳು, ಆ ರೆಕಾರ್ಡಿಂಗನ್ನು ಆಮೇಲೆ ತೆರೆದು ನೋಡಿರಲೂ ಇಲ್ಲ.

ಪಂದ್ಯ ಶುರುವಾದಾಗಿನಿಂದ ಯಮಪಾಶನ ಹೊಲಸು ಬೈಗುಳ ಪರದೆಯ ಮೂಲೆಯಲ್ಲಿ ಒಂದೇ ಸಮನೆ ಹರಿಯುತ್ತಿತ್ತು. ಮಾನಸ ಮುಖ ಗಂಟಿಕ್ಕಿಕೊಂಡು ಒಂದೊಂದನ್ನೇ ದಾಖಲಿಸುತ್ತಿದ್ದಳು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಗುಂಡು ಬಂದು ಮೌನಿ ಬಿದ್ದ.

"ಸತ್ತೋಯ್ತಾ?"

"ಇಲ್ಲ ಸರ್, ನಾಕ್ ಆಗಿದ್ದು. ತೆವಳ್ಬಹುದು. ಟೀಮಿನವ್ರು ಯಾರಾದ್ರೂ ಬಂದು ಪಕ್ಕದಲ್ಲಿ ಕೂತು ಎಬ್ಬಿಸಿದ್ರೆ ಬದುಕ್ತೀವಿ."

ಪರದೆಯಲ್ಲಿ ಒಬ್ಬ ಗೋಡೆಯ ಮರೆಯಿಂದ ಹೊರಗೆ ಹಾರಿದ. ಮೊದಲು ಎಡಕ್ಕೆ ಹೊಗೆ ಬಾಂಬು ಎಸೆದ, ಆದರೆ ಬಲಗಡೆಯಿಂದ ಸುತ್ತಿಕೊಂಡು ಓಡಿದ. ಗುಂಡು ಬರುತ್ತಿದ್ದ ಕಡೆಗೇ ಬೆನ್ನು ಕೊಟ್ಟು, ಬಿದ್ದವನಿಗೆ ಅಡ್ಡವಾಗಿ ಕೂತು, ತಾನು ಎರಡೇಟು ತಿಂದು ಮೌನಿಯನ್ನು ಎಬ್ಬಿಸಿದ. ಎಬ್ಬಿಸಿ, ಮತ್ತೆ ಗೋಡೆಯ ಮರೆಗೆ ಓಡಿದ.

"ಪುಣ್ಯಾತ್ಮ. ಯಾರವನು?"

ಮಾನಸ ತಲೆಯ ಮೇಲಿನ ಹೆಸರು ಓದಿದಳು. "ಸರ್... ಯಮಪಾಶ."

ಮೂವರೂ ಪರದೆಯನ್ನೇ ನೋಡಿದರು. ಬೈಗುಳ ಮತ್ತೆ ಶುರುವಾಗಿತ್ತು.

"ಸಾಯಿ ಅಂತ ಬೈಯೋನು ಪ್ರಾಣ ಒತ್ತೆ ಇಟ್ಟು ಬದುಕಿಸ್ತಾನಾ?" ಎಂದು ಏಕಾಂತಪ್ಪ ಹೇಮಶ್ರೀಯ ಕಡೆ ತಿರುಗಿದರು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರು ಅಂತ ಗೊತ್ತಾಯ್ತಾ?"

"ಇಲ್ಲ ಸರ್."

ವರ್ಷಗಟ್ಟಲೆ ಸುಳ್ಳು ಕೇಳಿ ಪಳಗಿದ ಕಿವಿ ಅವರದ್ದು. ಇದು ಸುಳ್ಳು ಎಂದು ತಿಳಿಯಿತು, ಹೇಳಿದವಳಿಗೆ ಎಷ್ಟು ನೋವಾಗಿದೆ ಎಂಬುದೂ ತಿಳಿಯಿತು. ಒತ್ತಾಯಿಸಲಿಲ್ಲ. "ಮನೆಗೆ ಹೋಗಮ್ಮ," ಎಂದರು.

ಆ ಟೀಮಿನ ಹಳೆಯ ಪಂದ್ಯಗಳು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುವಂತಿದ್ದವು. ಶುಕ್ರವಾರ ಇಡೀ ದಿನ ಏಕಾಂತಪ್ಪ, ಮಾನಸ ಕೂತು ನೋಡಿದ್ದು ಅದನ್ನೇ. ಮೌನಿ ಬಿದ್ದ ಜಾಗವನ್ನೆಲ್ಲ ಹುಡುಕಿದರು. ಸುದರ್ಶನ ಎಬ್ಬಿಸಲು ಬಂದರೆ ನೆಟ್ಟಗೆ ಓಡಿ ಬರುತ್ತಿದ್ದ, ಹೊಗೆ ಹಾಕುತ್ತಲೇ ಇರಲಿಲ್ಲ. ನಿರಂಜನ ಮೊದಲು ಶತ್ರುವನ್ನು ಹೊಡೆದು ನಂತರ ಬರುವವನು. ಎಡಕ್ಕೆ ಹೊಗೆ ಎಸೆದು ಬಲಕ್ಕೆ ಸುತ್ತಿ, ಬೆನ್ನು ಗುಂಡಿಗೆ ಕೊಟ್ಟು ಕೂರುವವನು ಒಬ್ಬನೇ. ಕ್ಯಾಪ್ಟನ್ ವಿಜಯೇಂದ್ರ. ಪ್ರತಿ ಸಲವೂ ಹಾಗೆಯೇ.

"ಕೈಗೆ ಕೂತಿರೋ ಅಭ್ಯಾಸ ಸರ್," ಎಂದಳು ಮಾನಸ. "ಹೆಸರು ಬದಲಾಯ್ಸಿದಾನೆ, ಫೋನೂ ಬದಲಾಯ್ಸಿರ್ಬೇಕು. ಮೌನಿ ಬಿದ್ದ ತಕ್ಷಣ ಕೈ ತಾನಾಗೇ ಓಡಿದೆ."

ಏಕಾಂತಪ್ಪ ಬೆರಳಚ್ಚು ನೋಡಿದ್ದರು, ರಕ್ತದ ಕಲೆ ನೋಡಿದ್ದರು. ಪ್ರೀತಿಯಿಂದ ಮಾಡಿದ ಕೆಲಸವೇ ಗುರುತು ಹಿಡಿಸಿಕೊಟ್ಟದ್ದನ್ನು ಇದುವರೆಗೆ ನೋಡಿರಲಿಲ್ಲ. ಆಮೇಲೆ ಎಚ್ಚೆತ್ತು, "ನ್ಯಾಯಾಧೀಶರ ಮುಂದೆ ಹೊಗೆ ಬಾಂಬಿನ ಕತೆ ಹೇಳಿದ್ರೆ ನಗ್ತಾರೆ ಅಷ್ಟೇ. ಇವ್ನು ಕೆಲ್ಸ ಮಾಡೋದೆಲ್ಲಿ, ನೋಡು," ಎಂದರು.

ಜನ್ನಾಪುರದಲ್ಲಿ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ. ವೀರಮ್ಮನವರ ಜ್ಯೂಸ್ ಅಂಗಡಿಯ ಎದುರಿಗೇ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು ಹೋದರು. ವಿಜಯೇಂದ್ರ ಒಬ್ಬ ಮೇಷ್ಟ್ರ ಮಗ, ಇಪ್ಪತ್ತಾರರ ತೆಳ್ಳನೆ ಯುವಕ. ಒಬ್ಬ ಅಜ್ಜಿಯ ಪಿಂಚಣಿ ಅರ್ಜಿ ತುಂಬುತ್ತಿದ್ದ. ಅದನ್ನು ಮುಗಿಸುವವರೆಗೆ ಏಕಾಂತಪ್ಪ ಕಾದರು.

"ನಿನ್ಹತ್ರ ಎಷ್ಟು ಫೋನಿದೆ?"

"ಒಂದೇ ಸರ್."

"ಯಮಪಾಶ ಯಾರು?"

"ಗೊತ್ತಿಲ್ಲ ಸರ್. ಅವ್ನನ್ನ ಹಿಡೀರಿ ಅಂತ ನಾನೇ ಹೇಳ್ತಿದೀನಿ."

"ಹೇಮಶ್ರೀ ಬಿದ್ದಾಗ ಯಮಪಾಶ ಯಾಕೆ ಎಬ್ಬಿಸ್ದ?"

ವಿಜಯೇಂದ್ರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಮಾನಸ ತನ್ನ ಫೋನಿನಲ್ಲಿ ಆ ತುಣುಕು ತೋರಿಸಿದಳು. ಎಡಕ್ಕೆ ಹೊಗೆ, ಬಲಕ್ಕೆ ಓಟ, ಗುಂಡಿಗೆ ಬೆನ್ನು. ತಾನೇ ಮಾಡಿದ್ದನ್ನು ಅವನು ಮೊದಲ ಸಲ ನೋಡುತ್ತಿದ್ದ. ತುಣುಕು ಮುಗಿಯುವ ಮೊದಲೇ ಸ್ಟೂಲಿನ ಮೇಲೆ ಕೂತ.

ಎರಡನೇ ಫೋನು ಲ್ಯಾಮಿನೇಷನ್ ಯಂತ್ರದ ಕೆಳಗಿತ್ತು. ತೋರಿಸಿದವನು ಅವನೇ. ಅದರಲ್ಲಿ ಯಮಪಾಶನ ಖಾತೆ ತೆರೆದೇ ಇತ್ತು, ತಿರುಚಿದ ಫೋಟೋಗಳೂ ಇದ್ದವು. ಫೋನನ್ನು ಜಪ್ತಿ ಮಾಡಿ, ಸೀಲು ಹಾಕಿ, ಪಂಚನಾಮೆ ಬರೆದು ಪಂಚರ ಸಹಿ ಪಡೆದರು. ಬಂಧನದ ವಿಷಯವನ್ನು ಅವನ ತಂದೆಗೆ ಫೋನಿನಲ್ಲಿ ತಿಳಿಸಿದರು.

ಶಿವಮೊಗ್ಗದ ದಾರಿಯಲ್ಲಿ ಜೀಪಿನೊಳಗೆ ಅವನಾಗಿಯೇ ಬಾಯಿ ಬಿಟ್ಟ. ಪೊಲೀಸರ ಮುಂದೆ ಆಡಿದ್ದು ನ್ಯಾಯಾಲಯದಲ್ಲಿ ನಿಲ್ಲುವ ಮಾತಲ್ಲ. ಆದರೂ ಏಕಾಂತಪ್ಪ ಕೇಳಿಸಿಕೊಂಡರು.

"ಎಬ್ಬಿಸಿದ್ದು ನಂಗೆ ನೆನಪೇ ಇಲ್ಲ ಸರ್."

"ಬೈದಿದ್ದು ನೆನಪಿದೆಯಲ್ಲ. ಯಾಕೆ ಬೈದೆ?"

"ಮ್ಯಾಚ್ ಮುಗಿದು ಎಲ್ರೂ ಹೋದ್ಮೇಲೆ ನಾನು, ಮೌನಿ ಇಬ್ರೇ ಉಳೀತಿದ್ವಿ ಸರ್. ನಾನು ಮಾತಾಡ್ತಿದ್ದೆ, ಅವ್ನು ಕೇಳ್ತಿದ್ದ. ಪರೀಕ್ಷೆ ಫೇಲಾಗಿದ್ದು, ಅಪ್ಪ ಅಂದಿದ್ದು, ಎಲ್ಲಾ ಹೇಳಿದೀನಿ. ಒಂದಿನ ಹೊಳೆ ಸೇತುವೆ ಮೇಲೆ ಹೋಗಿ ನಿಂತಿದ್ದೆ. ಅಲ್ಲಿಂದ್ಲೇ ಮೌನಿಗೆ ಮಾತಾಡ್ದೆ. ಅತ್ತೆ. ನಾನು ಮನೆ ಸೇರೋವರೆಗೂ ಅವ್ನು ಲೈನ್ ಬಿಡ್ಲಿಲ್ಲ. ಗಂಡಸು ಅಂದ್ಕೊಂಡು ಹೇಳಿದ್ದು ಸರ್. ಒಬ್ಳು ಹುಡ್ಗಿ ಮುಂದೆ ಅಷ್ಟೆಲ್ಲ ಅತ್ನಲ್ಲ ಅಂತ... ನಾಳೆ ಎಲ್ರಿಗೂ ಹೇಳಿ ನಗ್ತಾಳೆ ಅನ್ನಿಸ್ತು. ಅವ್ಳು ಎಲ್ಲಾದ್ರೂ ಹೋಗ್ಲಿ, ಮತ್ತೆ ಕಣ್ಣಿಗೆ ಬೀಳೋದು ಬೇಡ ಅನ್ನಿಸ್ತು."

"ಜೀವ ಉಳಿಸಿದೋಳು ಅಂತ ಅನ್ನಿಸ್ಲಿಲ್ವಾ?"

ಅಂದೇ ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು.

ಭಾನುವಾರ ಏಕಾಂತಪ್ಪನವರಿಗೆ ರಜೆ. ಬಿಳಿ ಅಂಗಿ ಹಾಕಿಕೊಂಡು ಫೈನಲ್ ನಡೆಯುವ ಸಭಾಂಗಣಕ್ಕೆ ಹೋಗಿ ಬಂಗಾರಪ್ಪನವರ ಪಕ್ಕದಲ್ಲಿ ಕೂತರು. ಹೇಮಶ್ರೀಯ ಟೀಮಿನಲ್ಲಿ ಮೂವರೇ ಇದ್ದರು. ಬೇರೆಯವರನ್ನು ಸೇರಿಸಿಕೊಳ್ಳಲು ಹೊತ್ತಿರಲಿಲ್ಲ. ದೊಡ್ಡ ಪರದೆಯ ಮೇಲೆ ಆಟ, ಅದರ ಪಕ್ಕದಲ್ಲೇ ಮನೆಯಲ್ಲಿ ಕೂತು ನೋಡುವವರು ಬರೆಯುವ ಮಾತುಗಳು.

ಬಂಗಾರಪ್ಪ ಕನ್ನಡಕ ಹಾಕಿಕೊಂಡು ಆ ಮಾತುಗಳನ್ನು ಓದತೊಡಗಿದರು. ಮಗಳ ಹೆಸರು, ಅದರ ಮುಂದೆ ಓದಬಾರದ ಮಾತು. ಆಯೋಜಕರು ಅಳಿಸಿದಷ್ಟೂ ಹೊಸದು ಬರುತ್ತಿತ್ತು.

"ಅವ್ನನ್ನ ಹಿಡ್ಕೊಂಡ್ರಲ್ಲ ಸಾರ್? ಮತ್ತೆ ಇವ್ರೆಲ್ಲ ಯಾರು?"

"ಇವ್ರು ಬೇರೆಯವ್ರು ಬಂಗಾರಪ್ಪ. ತುಂಬಾ ಜನ ಇದಾರೆ." ಹಿಂದಿನ ಸಾಲಿನಲ್ಲಿ ಮಾನಸ ಒಂದೊಂದನ್ನೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದಳು.

"ಇದ್ನೆಲ್ಲ ಅವ್ಳು ದಿನಾ ಓದ್ತಿದ್ಲಾ?"

"ಓದ್ಕೊಂಡೇ ಆಡ್ತಿದ್ಲು."

ಬಂಗಾರಪ್ಪ ಪರದೆಯಿಂದ ಕಣ್ಣು ತೆಗೆದು ವೇದಿಕೆಯ ಮೇಲೆ ಕೂತ ಮಗಳನ್ನು ನೋಡಿದರು. ಅವಳ ಬೆನ್ನು ನೆಟ್ಟಗಿತ್ತು. ದ್ವೀಪದಲ್ಲಿ ಎಲ್ಲರನ್ನೂ ಒಂದೇ ಕಡೆಗೆ ದೂಡುವ ಬಿರುಗಾಳಿ ಹತ್ತಿರ ಬರುತ್ತಿತ್ತು, ಬೆಟ್ಟದ ಮೇಲೊಂದು ಟೀಮು, ಮನೆಯೊಳಗೆ ಇನ್ನೊಂದು. ಅವಳು ಮೈಕಿನಲ್ಲಿ ಸುದರ್ಶನನಿಗೆ ಎಡಕ್ಕೆ ಹೋಗಲು ಹೇಳಿದಳು, ನಿರಂಜನನಿಗೆ ಅಲ್ಲಾಡಬೇಡ ಎಂದಳು. ಬೆಟ್ಟದ ಮೇಲಿನ ಮೂವರನ್ನು ಒಬ್ಬರ ಹಿಂದೊಬ್ಬರಂತೆ ಬೀಳಿಸಿದಳು. ಇಷ್ಟು ಹೊಲಸಿನ ನಡುವೆ ಕೂತು ಅವಳ ಕೈ ಹೇಗೆ ನಡುಗುವುದಿಲ್ಲ ಎಂಬುದು ಏಕಾಂತಪ್ಪನವರಿಗೆ ಕೊನೆಗೂ ತಿಳಿಯಲಿಲ್ಲ.

ಪಕ್ಕದಲ್ಲಿ ಕ್ರೇನಿನ ಸದ್ದನ್ನು ಮೀರಿಸಿ ಕೂಗಿ ಅಭ್ಯಾಸವಾದ ಗಂಟಲೊಂದು, "ಹೊಡಿ ಮಗ್ಳೇ, ಬಿಡ್ಬೇಡ!" ಎಂದು ಕೂಗಿತು. ಸಭಾಂಗಣವೆಲ್ಲ ತಿರುಗಿ ನೋಡಿತು.

ನಾಲ್ಕನೆಯವನಿಲ್ಲದ ಟೀಮು ಎರಡನೇ ಸ್ಥಾನಕ್ಕೆ ಬಂತು. ರಾಜ್ಯ ಮಟ್ಟಕ್ಕೆ ಹೋಗಲು ಅಷ್ಟು ಸಾಕಿತ್ತು. ಬಂಗಾರಪ್ಪ ಬಂದವರಿಗೆಲ್ಲ ಮಗಳನ್ನು ತೋರಿಸುತ್ತ ನಿಂತಿದ್ದಾಗ ಹೇಮಶ್ರೀ ಏಕಾಂತಪ್ಪನವರ ಬಳಿ ಬಂದಳು.

"ಯಾಕೆ ಮಾಡ್ದ ಅಂತ ಹೇಳಿದ್ನಾ ಸರ್?"

"ನಿನ್ಹತ್ರ ಏನೇನೋ ಹೇಳ್ಕೊಂಡಿದ್ನಂತೆ. ನೀನು ಹುಡ್ಗಿ ಅಂತ ಗೊತ್ತಾದ್ಮೇಲೆ ಎಲ್ರಿಗೂ ಹೇಳಿ ನಗ್ತೀಯ ಅಂತ ಹೆದರ್ದ."

ಅವಳು ತಲೆ ತಗ್ಗಿಸಿ ನಿಂತಳು.

"ಏನ್ ಹೇಳಿದ್ದ ಅವ್ನು? ನಿನ್ನ ಹೇಳಿಕೇಲಿ ಅದ್ಯಾವ್ದೂ ಇಲ್ವಲ್ಲ," ಎಂದರು ಏಕಾಂತಪ್ಪ, ಗೊತ್ತಿದ್ದೂ.

"ಏನೂ ಹೇಳಿಲ್ಲ ಸರ್. ಬರೀ ಗೇಮ್ ವಿಷ್ಯ." ಈ ಸಲ ಅವಳು ನೆಟ್ಟಗೆ ಕಣ್ಣಲ್ಲಿ ಕಣ್ಣಿಟ್ಟೇ ಸುಳ್ಳು ಹೇಳಿದಳು. "ಅವ್ನಿಗೂ ಹಂಗೇ ಹೇಳ್ಬಿಡಿ. ಮೌನಿ ಯಾರಿಗೂ ಏನೂ ಹೇಳಿಲ್ಲ, ಹೇಳೋದೂ ಇಲ್ಲ ಅಂತ."

"ಮತ್ತೆ ಕೇಸು? ವಾಪಸ್ ತಗೋತೀಯಾ?"

"ಕೇಸು ನಡೀಲಿ ಸರ್," ಎಂದಳು ಹೇಮಶ್ರೀ. "ಅದು ನನ್ನ ಮಾತು, ಅವ್ನದಲ್ಲ."

ಏಕಾಂತಪ್ಪ ಆ ಸಂಭಾಷಣೆಯನ್ನು ಕೇಸ್ ಡೈರಿಯಲ್ಲಿ ಬರೆಯಲಿಲ್ಲ. ಸೋಮವಾರ ಕಾರಾಗೃಹಕ್ಕೆ ಹೋಗಿ ವಿಜಯೇಂದ್ರನಿಗೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ತಲುಪಿಸಿದರು. ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತ. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ. ಏಕಾಂತಪ್ಪ ಠಾಣೆಗೆ ಹೊರಟರು.